ಅಜ್ಜನ ಹೆಸರು ಯಾರ ವಶದಲ್ಲಿದೆ?

ನಮ್ಮ ಅಜ್ಜ ಹತ್ತಿ ಹಿಂಜುತ್ತಿದ್ದವರು. ಕಲಬುರಗಿ ಸೀಮೆಯ ಒಂದು ಹಳ್ಳಿಯಿಂದ ಹೊರಟು ಧಾರವಾಡದ ಕಡೆ ಬಂದು ನೆಲೆಸಿದ್ದು 1948ರ ಚಳಿಗಾಲದಲ್ಲಿ ಎಂಬುದಷ್ಟೇ ಮನೆಯಲ್ಲಿ ಉಳಿದಿರುವ ಇತಿಹಾಸ. ಬರುವಾಗ ಜೊತೆಯಲ್ಲಿ ಒಬ್ಬ ತಂಗಿ ಇದ್ದಳು. ಇಬ್ಬರು ಅಣ್ಣಂದಿರು ಇರಲಿಲ್ಲ. ಯಾಕೆ ಇರಲಿಲ್ಲ ಎಂದು ಅಜ್ಜ ಹೇಳಲಿಲ್ಲ, ಕೇಳುವ ಧೈರ್ಯವನ್ನು ಯಾರೂ ಮಾಡಲಿಲ್ಲ. ಅವರು ತೀರಿಕೊಂಡ ಮೇಲೆ ಆ ಅಣ್ಣಂದಿರ ಹೆಸರುಗಳ ಬಗ್ಗೆಯೇ ಮನೆಯಲ್ಲಿ ತಕರಾರು ಶುರುವಾಯಿತು. ಅತ್ತೆ ಇಮಾಮ್‌ಸಾಬ ಅನ್ನುತ್ತಾರೆ, ಚಿಕ್ಕಪ್ಪ ಹುಸೇನ್‌ಸಾಬ ಅನ್ನುತ್ತಾರೆ. ಎರಡನೆಯವನ ಹೆಸರು ಇಬ್ಬರಿಗೂ ಗೊತ್ತಿಲ್ಲ.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ವೇಳೆ ಮತ್ತು ನಂತರ ಹೈದರಾಬಾದ್ ಸಂಸ್ಥಾನದ ಹಳ್ಳಿಗಳಲ್ಲಿ ಏನು ನಡೆಯಿತೆಂದು ತಿಳಿಯಲು ನೆಹರೂ ಅವರೇ ಪಂಡಿತ ಸುಂದರಲಾಲ್ ಅವರ ಸಮಿತಿಯನ್ನು ಕಳಿಸಿದ್ದರು. ಸತ್ತವರ ಸಂಖ್ಯೆ 27 ಸಾವಿರದಿಂದ 40 ಸಾವಿರ ಎಂದು ಸಮಿತಿ ಅಂದಾಜು ಮಾಡಿತು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗ ಮತ್ತು ಬೀದರ್ ಕೂಡ ಇದ್ದವು. ಆ ವರದಿ ಸಾರ್ವಜನಿಕರ ಓದಿಗೆ ಸಿಕ್ಕಿದ್ದು 2013ರಲ್ಲಿ, ಅರವತ್ತು ವರ್ಷ ಕಳೆದ ಮೇಲೆ. ಅದಕ್ಕೂ ಮೊದಲು ರಜಾಕಾರರ ಕೈಯಲ್ಲಿ ನರಳಿದ ಹಿಂದೂ ಕುಟುಂಬಗಳ ಕತೆಯೂ ಇಷ್ಟೇ ಅಸ್ಪಷ್ಟವಾಗಿ ಉಳಿದಿದೆ. ಎರಡೂ ಕಡೆಯ ಭಾಷಣಗಳಲ್ಲಿ ಅಂಕಿಗಳಿವೆ, ಹೆಸರುಗಳಿಲ್ಲ.

ಹೆಸರುಗಳು ಎಲ್ಲಿಯಾದರೂ ಇರಲೇಬೇಕಲ್ಲ? 1941ರ ಜನಗಣತಿ ನಿಜಾಮರ ಸಂಸ್ಥಾನದಲ್ಲೂ ನಡೆದಿತ್ತು. 1951ರಲ್ಲಿ ಸ್ವತಂತ್ರ ಭಾರತದ ಮೊದಲ ಜನಗಣತಿ ನಡೆಯಿತು. ಒಂದೇ ಮನೆಯ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರೆ ಯಾರು ಇದ್ದರು, ಯಾರು ಇಲ್ಲವಾದರು ಎಂಬುದು ಯಾವ ಸಮಿತಿಯ ಸಹಾಯವೂ ಇಲ್ಲದೆ ಗೊತ್ತಾಗಬೇಕು. ಈ ಸರಳ ಲೆಕ್ಕವನ್ನು ನಂಬಿ ನಾವು ಒಂದು ಸರಕಾರಿ ಕಚೇರಿಯ ಮೆಟ್ಟಿಲು ಹತ್ತಿದೆವು.

ಮೊದಲ ಸಲ ಸಾಹೇಬರು ಇರಲಿಲ್ಲ. ಎರಡನೆಯ ಸಲ ಇದ್ದರು, ದಾಖಲೆ ಕೋಣೆಯ ಕೀಲಿಕೈ ಇರಲಿಲ್ಲ. ಮೂರನೆಯ ಸಲ ಒಬ್ಬ ಹಿರಿಯ ಗುಮಾಸ್ತರು ಕೂರಿಸಿ ಚಹಾ ಕೊಟ್ಟು ಸತ್ಯ ಹೇಳಿದರು: "ಜನಗಣತಿ ಕಾಗದ ಅಂದ್ರ ಲೆಕ್ಕ ಆದ ಮ್ಯಾಲ ಸುಡೋದು. ಇದ್ರೂ ತೋರಿಸಾಂಗಿಲ್ಲ." ಈ ಎರಡು ವಾಕ್ಯಗಳಲ್ಲಿ ನಮ್ಮ ದೇಶದ ಇಡೀ ನೀತಿ ಅಡಗಿದೆ. ಹಳೆಯ ಗಣತಿಗಳ ಮನೆವಾರು ಚೀಟಿಗಳನ್ನು ಎಣಿಕೆ ಮುಗಿದ ಮೇಲೆ ನಾಶಮಾಡುವುದು ಬ್ರಿಟಿಷರ ಕಾಲದಿಂದಲೇ ನಡೆದುಬಂದ ಪದ್ಧತಿ. ಅಕಸ್ಮಾತ್ ಉಳಿದಿದ್ದರೂ 1948ರ ಜನಗಣತಿ ಕಾಯ್ದೆಯ 15ನೇ ಕಲಮು ಬಾಗಿಲು ಹಾಕುತ್ತದೆ. ಗಣತಿದಾರ ಬರೆದ ಪುಸ್ತಕವನ್ನಾಗಲಿ ಚೀಟಿಯನ್ನಾಗಲಿ ನೋಡುವ ಹಕ್ಕು ಯಾರಿಗೂ ಇಲ್ಲ, ಅದು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿಯೂ ಸಾಮಾನ್ಯವಾಗಿ ಸಲ್ಲುವುದಿಲ್ಲ. ಎಷ್ಟು ವರ್ಷದವರೆಗೆ? ಕಾಯ್ದೆಯಲ್ಲಿ ಅವಧಿಯೇ ಇಲ್ಲ.

ಗುಟ್ಟು ಕಾಯುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಆದರೆ ಗುಟ್ಟಿಗೂ ಒಂದು ಆಯುಷ್ಯ ಇರಬೇಕು. ಬ್ರಿಟನ್ ತನ್ನ ಗಣತಿಯನ್ನು 100 ವರ್ಷ ಮುಚ್ಚಿಟ್ಟು ತೆರೆಯುತ್ತದೆ. 1921ರ ಗಣತಿ 2022ರ ಜನವರಿಯಲ್ಲಿ ಜನರ ಕೈಗೆ ಬಂತು. ಅಮೆರಿಕದಲ್ಲಿ 72 ವರ್ಷ. 1950ರ ಗಣತಿ 2022ರ ಏಪ್ರಿಲ್ 1ರಂದು ತೆರೆಯಿತು. ಐರ್ಲೆಂಡಿನಲ್ಲಿ ಹಳೆಯ ಗಣತಿಗಳಲ್ಲಿ ಬಹುಪಾಲು ಬೆಂಕಿಗೆ ಮತ್ತು ರದ್ದಿಗೆ ಹೋದವು. ಹಾಗಾಗಿಯೇ ಏನೋ, ಉಳಿದ 1901 ಮತ್ತು 1911ರ ಗಣತಿಗಳನ್ನು ಅವರು ಕಾಸು ಕೇಳದೆ ಎಲ್ಲರಿಗೂ ತೆರೆದಿಟ್ಟಿದ್ದಾರೆ. ನಮ್ಮನ್ನು ಎಣಿಸಲು ಕಲಿಸಿದ ಬ್ರಿಟಿಷರು ತಮ್ಮ ಮನೆಯಲ್ಲಿ ಚೀಟಿಗಳನ್ನು ಕಾಪಿಟ್ಟರು, ನಮ್ಮಲ್ಲಿ ಸುಟ್ಟರು. ಅವರಿಗೆ ನಮ್ಮಿಂದ ಬೇಕಾಗಿದ್ದದ್ದು ಜಾತಿ ಎಷ್ಟು, ಧರ್ಮ ಎಷ್ಟು ಎಂಬ ಮೊತ್ತ ಮಾತ್ರ. ಸ್ವತಂತ್ರ ಸರಕಾರವೂ ಮೊತ್ತವನ್ನೇ ನೆಚ್ಚಿಕೊಂಡಿತು.

ಮಾಹಿತಿ ಹಕ್ಕು ಇದೆಯಲ್ಲ ಎಂದು ಓದುಗರು ಕೇಳಬಹುದು. ಇದೆ. 2005ರ ಆ ಕಾಯ್ದೆಯ 8(3)ನೇ ಕಲಮಿನ ಪ್ರಕಾರ 20 ವರ್ಷಕ್ಕಿಂತ ಹಿಂದಿನ ಸಂಗತಿಯ ಮಾಹಿತಿಯನ್ನು, ದೇಶದ ಭದ್ರತೆಯಂತಹ ಕೆಲವು ಕಾರಣಗಳನ್ನು ಬಿಟ್ಟರೆ, ಕೊಡಬೇಕು. ಬೇರೆ ಕಾಯ್ದೆಗಳು ಅಡ್ಡ ಬಂದರೆ ಇದೇ ಮೇಲು ಎಂದು 22ನೇ ಕಲಮು ಹೇಳುತ್ತದೆ. ಆದರೆ ಎರಡು ಕಾಯ್ದೆಗಳು ಎದುರುಬದುರು ನಿಂತಾಗ ಮೇಜಿನ ಹಿಂದೆ ಕುಳಿತವರು 'ಇಲ್ಲ' ಎನ್ನುವ ಕಾಯ್ದೆಯನ್ನೇ ಆರಿಸುತ್ತಾರೆ. ಖಾಸಗಿ ಮಾಹಿತಿಯ ವಿಷಯದಲ್ಲಿ ಇದ್ದ ಅಲ್ಪಸ್ವಲ್ಪ ಅವಕಾಶವನ್ನೂ 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ಕಿರಿದು ಮಾಡಿತು. ನಮ್ಮ ಅರ್ಜಿಗೆ ಬಂದ ಉತ್ತರ ಒಂದೂವರೆ ಸಾಲಿನದು: ಮಾಹಿತಿ ಲಭ್ಯವಿಲ್ಲ. ಸುಟ್ಟುಹೋಗಿ ಇಲ್ಲವೋ, ಇದ್ದೂ ಕೊಡುವುದಿಲ್ಲವೋ ಎಂಬುದನ್ನಾದರೂ ಬರೆಯಬಹುದಿತ್ತು. ಸುಟ್ಟಿದ್ದರೆ ಮರೆತು ಸುಮ್ಮನಾಗುತ್ತಿದ್ದೆವು.

ಇದನ್ನು ಯಾಕೆ ಒತ್ತಿ ಹೇಳುತ್ತೇವೆಂದರೆ, 1951ರಲ್ಲಿ ಜನಗಣತಿಯ ಜೊತೆಯಲ್ಲೇ ಗಣತಿ ಚೀಟಿಗಳಿಂದ ನಕಲು ಮಾಡಿ ಊರೂರಿನ ನಾಗರಿಕರ ರಾಷ್ಟ್ರೀಯ ನೋಂದಣಿ ಪುಸ್ತಕವನ್ನು ಬರೆಯಲಾಯಿತು. ಇದು ಅಸ್ಸಾಮಿಗೆ ಮಾತ್ರ ಸೇರಿದ್ದು ಎಂದು ಇಂದು ಹಲವರು ತಿಳಿದಿದ್ದಾರೆ. ಅಲ್ಲ, ದೇಶದಾದ್ಯಂತ ಬರೆದದ್ದು. ಮನೆ ಮನೆಯ ಹೆಸರಿದ್ದ ಆ ಪುಸ್ತಕಗಳು ಅಸ್ಸಾಮಿನಲ್ಲಿ ಎಷ್ಟೋ ಕಡೆ ಉಳಿದವು. ನಮ್ಮ ಹಳ್ಳಿಯದು ಎಲ್ಲಿದೆ ಎಂದು ಹೇಳುವವರು ನಮಗಿನ್ನೂ ಸಿಕ್ಕಿಲ್ಲ.

ಅಸ್ಸಾಮಿನ ಕತೆಯನ್ನು ನೋಡಿದರೆ ಈ ವಿಷಯ ಬರೀ ನಮ್ಮಂಥ ನಾಲ್ಕು ಜನರ ಹವ್ಯಾಸವಲ್ಲ ಎಂದು ಗೊತ್ತಾಗುತ್ತದೆ. ಅಲ್ಲಿ ಅದೇ 1951ರ ಪುಸ್ತಕ ಗಣತಿಯ ರಹಸ್ಯ ದಾಖಲೆ, ಸಾಕ್ಷ್ಯವಾಗಿ ಸಲ್ಲದು ಎಂದು ಗುವಾಹಟಿ ಹೈಕೋರ್ಟ್ ಹಿಂದೊಮ್ಮೆ ಹೇಳಿತ್ತು. ಹಲವು ದಶಕಗಳ ನಂತರ ಸರಕಾರ ಅದೇ ಪುಸ್ತಕವನ್ನು ತೆರೆದು, ಇದರಲ್ಲಿ ಅಥವಾ 1971ರ ಮಾರ್ಚ್ 24ರವರೆಗಿನ ಮತದಾರರ ಪಟ್ಟಿಯಂಥ ದಾಖಲೆಯಲ್ಲಿ ನಿಮ್ಮ ಪೂರ್ವಜರನ್ನು ಹುಡುಕಿ ತನ್ನಿ ಎಂದಿತು. ಬಾಗಿಲು ತೆರೆದದ್ದು ಮೊಮ್ಮಕ್ಕಳ ಕುತೂಹಲಕ್ಕಲ್ಲ, ಮೊಮ್ಮಕ್ಕಳ ವಿಚಾರಣೆಗೆ. 2019ರ ಆಗಸ್ಟ್ 31ರ ಅಂತಿಮ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ತಂದೆಯ ಹೆಸರಿನ ಒಂದಕ್ಷರ ವ್ಯತ್ಯಾಸವಾದದ್ದಕ್ಕೆ ಅಲೆದವರಿದ್ದಾರೆ. ಹೆಣ್ಣುಮಕ್ಕಳ ಕಷ್ಟ ಇನ್ನೂ ಹೆಚ್ಚು. ಮತದಾನದ ವಯಸ್ಸಿಗೆ ಮೊದಲೇ ಮದುವೆಯಾದವಳ ಹೆಸರು ಗಂಡನ ಊರಿನ ಪಟ್ಟಿಯಲ್ಲಿ ಬರುತ್ತದೆಯೇ ಹೊರತು ತಂದೆಯ ಜೊತೆ ಎಲ್ಲೂ ಬರುವುದಿಲ್ಲ. ಅಂಥ ಲಕ್ಷಾಂತರ ಹೆಂಗಸರು ತಂದ ಪಂಚಾಯತಿ ಪ್ರಮಾಣಪತ್ರ ಸಲ್ಲುತ್ತದೋ ಇಲ್ಲವೋ ಎಂಬುದು ಸುಪ್ರೀಂ ಕೋರ್ಟಿನವರೆಗೆ ಹೋಗಿ, ಪರಿಶೀಲನೆಗೆ ಒಳಪಟ್ಟು ಸಲ್ಲುತ್ತದೆಂದು 2017ರ ಡಿಸೆಂಬರಿನಲ್ಲಿ ತೀರ್ಮಾನವಾಯಿತು.

ಹೆಂಗಸರ ಹೆಸರಿನ ಮಾತು ಬಂದಾಗ ಇನ್ನೊಂದು ನೆನಪಾಗುತ್ತದೆ. ಮೊದಲ ಮಹಾಚುನಾವಣೆಯ ಮತದಾರರ ಪಟ್ಟಿಯಲ್ಲಿ ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದ್ದ ಸುಮಾರು 28 ಲಕ್ಷ ಮಹಿಳೆಯರನ್ನು ಕೈಬಿಡಬೇಕಾಯಿತು. ಅವರ ಮೊಮ್ಮಕ್ಕಳು ಇಂದು ಯಾವ ಪುಟ ತಿರುವಬೇಕು?

2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆದಾಗ ಇದೇ ನೋಟ ಮರುಕಳಿಸಿತು. 2003ರ ಪಟ್ಟಿಯನ್ನು ಆಧಾರವಾಗಿಟ್ಟುಕೊಂಡರು, ಕೂಲಿಗೆ ಊರು ಬಿಟ್ಟವರು ಅಪ್ಪ ಅಮ್ಮನ ಹೆಸರಿಗಾಗಿ ಹಳೆಯ ಪುಟಗಳನ್ನು ತಡಕಾಡಿದರು. ಆಗಸ್ಟ್ 1ರ ಕರಡಿನಿಂದ ಸುಮಾರು 65 ಲಕ್ಷ ಹೆಸರುಗಳು ಬಿಟ್ಟುಹೋಗಿದ್ದವು. ಯಾರದು, ಯಾಕೆ ಎಂಬ ಪಟ್ಟಿ ಹೊರಬರಲು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಅಜ್ಜನನ್ನು ತೋರಿಸು ಎಂದು ಸರಕಾರ ಪ್ರಜೆಯನ್ನು ಕೇಳಬಹುದು. ಅಜ್ಜನನ್ನು ತೋರಿಸು ಎಂದು ಪ್ರಜೆ ಸರಕಾರವನ್ನು ಕೇಳುವಂತಿಲ್ಲ.

ಕರ್ನಾಟಕದವರಿಗೆ ತೊಡಕು ಇನ್ನೊಂದಿದೆ. 1956ಕ್ಕೆ ಮೊದಲು ನಾವು ಒಂದು ರಾಜ್ಯದವರಾಗಿರಲಿಲ್ಲ. ಮಂಗಳೂರಿನ ಹಳೆಯ ಕಡತ ಹುಡುಕುವವರು ಚೆನ್ನೈಗೆ, ಬಿಜಾಪುರದವರು ಮುಂಬಯಿಗೆ, ರಾಯಚೂರಿನವರು ಹೈದರಾಬಾದಿಗೆ ಹೋಗಬೇಕಾಗುತ್ತದೆ. ಮುಂಬಯಿ ಸೀಮೆಯ ಕಾಗದಗಳು ಮೋಡಿ ಲಿಪಿಯಲ್ಲಿದ್ದರೆ ನಿಜಾಮರ ಸೀಮೆಯವು ಉರ್ದುವಿನಲ್ಲಿವೆ. ಅವನ್ನು ಓದಬಲ್ಲವರು ಕಚೇರಿಗಳಲ್ಲಿ ಕಡಿಮೆಯಾಗುತ್ತಿದ್ದಾರೆ. ಜನನ ಮರಣ ನೋಂದಣಿಯ 1969ರ ಕಾಯ್ದೆ ಈ ವಿಷಯದಲ್ಲಿ ಉದಾರವಾಗಿದೆ. ಅದರ 17ನೇ ಕಲಮಿನಂತೆ ಯಾರು ಬೇಕಾದರೂ ಶುಲ್ಕ ಕಟ್ಟಿ ನಮೂದನ್ನು ಹುಡುಕಿಸಬಹುದು. ಆದರೆ ಹುಡುಕಬೇಕಾದರೆ ಇಸವಿ ಹೇಳಬೇಕು. ಇಸವಿ ಗೊತ್ತಿದ್ದರೆ ನಾವು ಹುಡುಕುತ್ತಲೇ ಇರಲಿಲ್ಲವಲ್ಲ!

ನಮ್ಮ ಪಕ್ಕದ ಮನೆಯ ಲಿಂಗಾಯತರ ಅಂಗಳಕ್ಕೆ ಹೆಳವರು ಬಂದು ಏಳು ತಲೆಮಾರು ಹೇಳಿ ಕಾಳು ಒಯ್ಯುತ್ತಿದ್ದುದನ್ನು ಚಿಕ್ಕಂದಿನಲ್ಲಿ ಕಂಡಿದ್ದೇವೆ. ನಮ್ಮ ಮನೆಗೆ ಅಂಥವರು ಬರಲಿಲ್ಲ. ಸಯ್ಯದರ, ದರ್ಗಾದವರ ಮನೆಗಳಲ್ಲಿ ಶಜರಾ ಇರುತ್ತದೆ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿರುತ್ತಾರೆ. ಪಿಂಜಾರನಿಗೆ, ಕಸಾಯಿಗೆ ಶಜರಾ ಬರೆದವರು ಯಾರು? ಸಮುದಾಯದೊಳಗಿನ ಈ ಮೇಲುಕೀಳನ್ನೂ ಒಪ್ಪಿಕೊಳ್ಳಬೇಕು. ಮಸೀದಿಯ ನಿಕಾಹ್ ದಫ್ತರುಗಳನ್ನು ಗೆದ್ದಲಿಗೆ ಬಿಟ್ಟವರು ಸರಕಾರಿ ಗುಮಾಸ್ತರಲ್ಲ, ನಮ್ಮ ಜಮಾಅತಿನವರೇ. ಬಡವನ ಹೆಸರು ಒಮ್ಮೆಯಾದರೂ ಬರಹಕ್ಕೆ ಇಳಿದಿದ್ದರೆ ಅದು ಗಣತಿದಾರನ ಪುಸ್ತಕದಲ್ಲಿ ಮಾತ್ರ.

ತೆರೆದ ಪಟ್ಟಿಯ ಅಪಾಯ ನಮಗೆ ಗೊತ್ತಿಲ್ಲದ್ದಲ್ಲ. 1942ರಲ್ಲಿ ಅಮೆರಿಕ ಜಪಾನಿ ಮೂಲದವರನ್ನು ಶಿಬಿರಗಳಿಗೆ ತಳ್ಳಿದಾಗ ಜನಗಣತಿ ಇಲಾಖೆ ಒದಗಿಸಿದ ಮಾಹಿತಿ ಬಳಕೆಯಾಯಿತು. ನಾಝಿಗಳು ಯಹೂದಿಗಳನ್ನು ಹುಡುಕದಂತೆ ತಡೆಯಲು 1943ರ ಮಾರ್ಚ್ 27ರಂದು ಆಮ್‌ಸ್ಟರ್‌ಡ್ಯಾಮಿನ ಹೋರಾಟಗಾರರು ಜನಸಂಖ್ಯಾ ನೋಂದಣಿ ಕಚೇರಿಗೇ ಬೆಂಕಿಯಿಟ್ಟರು. 1984ರ ದೆಹಲಿಯಲ್ಲಿ ಗುಂಪುಗಳು ಮತದಾರರ ಪಟ್ಟಿ ಹಿಡಿದು ಸಿಖ್ಖರ ಮನೆ ಗುರುತಿಸಿದವೆಂದು ಬದುಕುಳಿದವರು ಹೇಳಿದ್ದಾರೆ. ಆದ್ದರಿಂದ ಜೀವಂತ ಇರುವವರ ಪಟ್ಟಿಗೆ ಬೀಗ ಇರಲಿ, ಗಟ್ಟಿ ಬೀಗವೇ ಇರಲಿ. ಆದರೆ ಗಮನಿಸಿ: ಈ ಮೂರೂ ಕಡೆ ಅಪಾಯ ಬಂದದ್ದು ಬದುಕಿದ್ದವರ ಪಟ್ಟಿಯಿಂದ. 1941ರಲ್ಲಿ ಎಣಿಸಲ್ಪಟ್ಟ ಹತ್ತಿ ಹಿಂಜುವವನ ಹೆಸರನ್ನು ಅವನ ಮೊಮ್ಮಗ ಓದಿದರೆ ಯಾರ ಮನೆಗೆ ಬೆಂಕಿ ಬೀಳುತ್ತದೆ?

2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡ ಜನಗಣತಿಗೆ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿತು. ಈ ಬಾರಿ ಕಾಗದದ ಬದಲು ಮೊಬೈಲ್, ಜೊತೆಗೆ ಜಾತಿಯ ಕಲಮು. ಜಾತಿಯ ಬಗ್ಗೆ ಪುಟಗಟ್ಟಲೆ ಚರ್ಚೆ ನಡೆದಿದೆ. ಈ ದಾಖಲೆಯನ್ನು ಉಳಿಸುತ್ತಾರೋ ಅಳಿಸುತ್ತಾರೋ, ಉಳಿಸಿದರೆ ಎಷ್ಟು ವರ್ಷದ ಮೇಲೆ ಯಾರಿಗೆ ತೆರೆಯುತ್ತಾರೆ ಎಂದು ಸಂಸತ್ತಿನ ಸದಸ್ಯರು ಕೇಳಬೇಕು. ನೂರು ವರ್ಷ ಎನ್ನಲಿ, ನಮ್ಮ ತಕರಾರಿಲ್ಲ. 15ನೇ ಕಲಮಿಗೆ ಒಂದು ಸಾಲು ಸೇರಿಸಿದರೆ ಸಾಕು. ಹಾಗೆಯೇ 1951ರ ಪುಸ್ತಕಗಳು ಯಾವ ಜಿಲ್ಲೆಯಲ್ಲಿ ಉಳಿದಿವೆ, ಯಾವ ಜಿಲ್ಲೆಯಲ್ಲಿ ಇಲ್ಲ ಎಂಬ ಪಟ್ಟಿಯನ್ನಾದರೂ ಪ್ರಕಟಿಸಲಿ.

ನಾವು ಮೇಲ್ಮನವಿ ಸಲ್ಲಿಸಿದ್ದೇವೆ. ಈ ಸಲ ಕೇಳಿರುವುದು ಒಂದೇ ಪ್ರಶ್ನೆ: ಆ ಹಳ್ಳಿಯ ಪುಸ್ತಕವನ್ನು ನಾಶಮಾಡಿದ್ದರೆ, ನಾಶಮಾಡಿದ ದಿನಾಂಕ ಯಾವುದು? ಅತ್ತೆಗೆ ಎಂಬತ್ತಮೂರು ತುಂಬಿದೆ. ಉತ್ತರ ಬಂತೇ ಎಂದು ವಾರಕ್ಕೊಮ್ಮೆ ಫೋನು ಮಾಡುತ್ತಾರೆ.