ಗ್ರಂಥಾಲಯದ ಸಭೆಗೆ ಅಳತೆಗೋಲು

ಗ್ರಂಥಾಲಯಗಳಲ್ಲಿ ಜರುಗುವ ಸಮಾರಂಭಗಳನ್ನು ಹಾರಗಳ ಸಂಖ್ಯೆಯಿಂದಲೂ ಭಾಷಣಗಳ ಉದ್ದದಿಂದಲೂ ಅಳೆಯುವ ರೂಢಿಯುಂಟು. ಸಭೆ ಮುಗಿದ ಮೇಲೆ ಎಷ್ಟು ಪುಸ್ತಕಗಳು ಕಪಾಟಿನಿಂದ ಹೊರಬಂದುವೆಂಬುದೇ ಸರಿಯಾದ ಅಳತೆಯೆಂದು ನಾವು ತಿಳಿಯುತ್ತೇವೆ.

ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳಲ್ಲಿ ಎರಡು ಇದಕ್ಕೆ ಆಧಾರವಾಗಿವೆ: ಓದುಗನಿಗೆ ತಕ್ಕ ಪುಸ್ತಕ ದೊರೆಯಬೇಕು, ಪುಸ್ತಕಕ್ಕೆ ತಕ್ಕ ಓದುಗನೂ ದೊರೆಯಬೇಕು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲವು ಮೈಸೂರಿಗೆ ಸೇರಿ, ತಾಳವಾಡಿ ಸೀಮೆಯು ಮದರಾಸಿನಲ್ಲಿಯೇ ಉಳಿಯಿತು. ಆದುದರಿಂದ ಇಲ್ಲಿಯ ಕನ್ನಡ ವಿದ್ಯಾರ್ಥಿಗೆ ಮೊದಲನೆಯ ಸೂತ್ರವು ಬರಿಯ ತತ್ತ್ವವಲ್ಲ, ನಿತ್ಯದ ಅಗತ್ಯ. ಕನ್ನಡ ಗ್ರಂಥವಿಲ್ಲದ ಕೊಠಡಿಯಲ್ಲಿ ಕನ್ನಡದ ಹಿರಿಮೆಯನ್ನು ಕುರಿತು ಭಾಷಣ ಮಾಡಿಸುವುದು, ಹಸಿದವನಿಗೆ ಅಡಿಗೆಯ ವರ್ಣನೆಯನ್ನು ಬಡಿಸಿದಂತೆ.

ಹಾಗಾದರೆ ಸಭೆಗಳೇ ಬೇಡವೆ? ಬೇಕು. ಕರ್ನಾಟಕದಲ್ಲಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮವು ಮಕ್ಕಳನ್ನು ಹಳ್ಳಿಯ ಗ್ರಂಥಾಲಯಕ್ಕೆ ಸದಸ್ಯರನ್ನಾಗಿ ಕರೆತಂದುದು ಮೆಚ್ಚತಕ್ಕದ್ದು. ಆದರೆ ಸದಸ್ಯತ್ವವು ಬಾಗಿಲು ಮಾತ್ರ, ಓದು ಒಳಮನೆ.

ಆ ಒಳಮನೆಗೆ ಒಯ್ಯುವ ದಾರಿ ನಮ್ಮಲ್ಲಿಯೇ ಇದೆ. ನೆರೆಯ ಮಾದೇಶ್ವರ ಬೆಟ್ಟದ ಕಂಸಾಳೆಯವರನ್ನು ಒಂದು ಸಂಜೆ ಹಾಡಿಸಲಿ. ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿದ ‘ಮಲೆಯ ಮಾದೇಶ್ವರ’ವನ್ನು ಮೇಜಿನ ಮೇಲಿಡಲಿ. ಹಾಡಿದ ಪ್ರಸಂಗವನ್ನೇ ವಿದ್ಯಾರ್ಥಿಯೊಬ್ಬನು ಗಟ್ಟಿಯಾಗಿ ಓದಲಿ. ಪಾಠ ಎಲ್ಲಿ ಬೇರೆಯಾಯಿತೆಂಬುದನ್ನು ಹಿರಿಯರು ಹೇಳುವರು. ಅಕ್ಷರ ಬಾರದವನೂ ಅಲ್ಲಿ ವಿಮರ್ಶಕನೇ. ಮುಂದಿನ ಕಥೆಗಾಗಿ ಹುಡುಗನೊಬ್ಬನು ಆ ಗ್ರಂಥವನ್ನು ಮನೆಗೆ ಬೇಡಿದರೆ, ಸಭೆಯು ಸಾರ್ಥಕವಾಯಿತೆಂದು ಉಪಾಧ್ಯಾಯರು ಧಾರಾಳವಾಗಿ ಬರೆದುಕೊಳ್ಳಬಹುದು.