ದೋಮಿಯೆಯ ನಾಟಕಚಿತ್ರಗಳಲ್ಲಿ ಪ್ರೇಕ್ಷಕನ ಸ್ಥಾನ

ಫ್ರಾನ್ಸ್ ದೇಶದ ಓನೊರೆ ದೋಮಿಯೆ (೧೮೦೮–೧೮೭೯) ಎಂಬ ಚಿತ್ರಕಾರನು ಪ್ರಸಿದ್ಧನಾದುದು ವ್ಯಂಗ್ಯಚಿತ್ರಗಳಿಂದ. ದೊರೆ ಲೂಯಿ ಫಿಲಿಪ್ಪನನ್ನು ಹೊಟ್ಟೆಬಾಕ ರಾಕ್ಷಸನಂತೆ ಚಿತ್ರಿಸಿದುದಕ್ಕಾಗಿ ೧೮೩೨ರಲ್ಲಿ ಆತನು ಸೆರೆಮನೆಯನ್ನು ಕಂಡನು. ೧೮೩೫ರ ಶಾಸನವು ರಾಜಕೀಯ ವ್ಯಂಗ್ಯಚಿತ್ರಗಳಿಗೆ ತಡೆಯೊಡ್ಡಲು, ಆತನ ದೃಷ್ಟಿಯು ಪ್ಯಾರಿಸ್ ನಗರದ ನಿತ್ಯಜೀವನದ ಕಡೆಗೆ ತಿರುಗಿತು. ನಾಟಕಶಾಲೆಯೂ ಅದರೊಳಗೆ ಸೇರಿತು. ಆದುದರಿಂದ ಆತನ ನಾಟಕಚಿತ್ರಗಳನ್ನೆಲ್ಲ ಪರಿಹಾಸವೆಂದೇ ಎಣಿಸುವುದು ಸುಲಭ. ಆ ಎಣಿಕೆಯು ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಾರ್ಹವಾಗಿದೆ.

ಪತ್ರಿಕೆಗಳಿಗಾಗಿ ಬರೆದ ಶಿಲಾಮುದ್ರಣಗಳಲ್ಲಿ ಪರಿಹಾಸವುಂಟು, ನಿಜ. ಆದರೆ ಸುಮಾರು ೧೮೬೦ರಲ್ಲಿ ರಚಿತವಾದ, ಮ್ಯೂನಿಕ್ ನಗರದ ನೋಯೆ ಪಿನಕೋಥೇಕ್ ಸಂಗ್ರಹಕ್ಕೆ ಸೇರಿದ 'ನಾಟಕ' ಎಂಬ ತೈಲಚಿತ್ರದ ರೀತಿಯೇ ಬೇರೆ. ರಂಗಸ್ಥಳವು ದೂರದಲ್ಲಿ, ಬೆಳಕಿನಲ್ಲಿದೆ. ಅಲ್ಲಿ ಒಬ್ಬನು ಸತ್ತು ಬಿದ್ದಿದ್ದಾನೆ, ಬಿಳಿಯುಡುಪಿನ ಸ್ತ್ರೀಯೊಬ್ಬಳು ಶೋಕಿಸುತ್ತಿದ್ದಾಳೆ. ಚಿತ್ರದ ಕೆಳಭಾಗವನ್ನೆಲ್ಲ ತುಂಬಿರುವುದು ಕತ್ತಲಲ್ಲಿ ಒತ್ತೊತ್ತಾಗಿ ಕುಳಿತ ಜನರ ತಲೆಗಳು. ಒಂದೊಂದು ಮುಖವನ್ನೇ ಬಿಡಿಸಿ ನೋಡಿದರೆ ನಗೆ ಬರಬಹುದು. ಒಟ್ಟಾಗಿ ನೋಡಿದರೆ ಬಾರದು. ಪರಿಹಾಸಕ್ಕೆ ದೂರ ಬೇಕು. ಇಲ್ಲಿಯಾದರೋ ಚಿತ್ರಕಾರನು ಜನರ ಬೆನ್ನ ಹಿಂದೆಯೇ ಕುಳಿತು ಬರೆದಂತಿದೆ. ಚಿತ್ರವನ್ನು ನೋಡುವವನೂ ಆ ಗುಂಪಿನವನೇ ಆಗುತ್ತಾನೆ.

ರಂಗದ ಕೃತ್ರಿಮವನ್ನು ದೋಮಿಯೆ ಅರಿಯದವನಲ್ಲ. ಪ್ಯಾರಿಸ್ಸಿನ ಓರ್ಸೇ ಚಿತ್ರಶಾಲೆಯಲ್ಲಿರುವ 'ಕ್ರಿಸ್ಪಿನ್ ಮತ್ತು ಸ್ಕಾಪಿನ್' ಎಂಬ ಚಿತ್ರದಲ್ಲಿ, ಹಾಸ್ಯನಾಟಕಗಳ ಇಬ್ಬರು ಸೇವಕರಲ್ಲಿ ಒಬ್ಬನು ಮತ್ತೊಬ್ಬನ ಕಿವಿಯಲ್ಲಿ ಗುಟ್ಟು ಹೇಳುತ್ತಿದ್ದಾನೆ. ರಂಗದಂಚಿನ ದೀಪಗಳ ಬೆಳಕು ಕೆಳಗಿನಿಂದ ಬಿದ್ದು ಮುಖಗಳು ಮುಖವಾಡಗಳಾಗಿವೆ. ಕೃತ್ರಿಮವನ್ನು ಇಷ್ಟು ಹತ್ತಿರದಿಂದ ಕಂಡವನು, ಅದಕ್ಕೆ ಮನಸೋತವರನ್ನು ಹೀಗಳೆಯಲಿಲ್ಲವೆಂಬುದು ಗಮನಾರ್ಹ.

ರಸದ ನೆಲೆಯನ್ನು ಲೊಲ್ಲಟನು ಮುಖ್ಯವಾಗಿ ಅನುಕಾರ್ಯದಲ್ಲಿಯೂ ಅಭಿನವಗುಪ್ತನು ಸಾಮಾಜಿಕನಲ್ಲಿಯೂ ಕಂಡರು. 'ನಾಟಕ' ಚಿತ್ರವು ಎರಡನೆಯ ಮತವನ್ನೇ ಸಾರುವಂತೆ ತೋರಬಹುದು. ಆದರೆ ಒಂದು ಆಕ್ಷೇಪವುಂಟು: ಮೈಮರೆತು ಮುಂದಕ್ಕೆ ಬಾಗಿರುವ ಆ ಜನರಲ್ಲಿರುವುದು ರಸಾಸ್ವಾದವೋ, ಬರಿಯ ಉದ್ವೇಗವೋ? ಉದ್ವೇಗವೆಂದೇ ಹೇಳಬೇಕಾಗುತ್ತದೆ, ರಂಗದ ಕೊಲೆಯು ಅವರಿಗೆ ಕಣ್ಣೆದುರಿನ ಕೊಲೆಯೇ ಆಗಿದೆ. ರಂಗವನ್ನೂ ಜನರನ್ನೂ ಒಂದೇ ನೋಟದಲ್ಲಿ ಕಾಣುವವನು ಚಿತ್ರದ ಪ್ರೇಕ್ಷಕನೊಬ್ಬನೇ. ಆತನು ಗುಂಪಿನೊಳಗಿದ್ದೂ ಅದರ ಆವೇಶಕ್ಕೆ ವಶನಾಗನು. ಆತನಲ್ಲಿ ಮೂಡುವುದು ಜನರ ಮೇಲಣ ತಾತ್ಸಾರವಲ್ಲ, ಮರುಕ. ದೋಮಿಯೆಯನ್ನು ವ್ಯಂಗ್ಯಚಿತ್ರಕಾರನೆಂದಷ್ಟೇ ಕರೆಯುವ ವಿಮರ್ಶೆಯು ಈ ಮರುಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಪೂರ್ಣವಾಗಲಾರದು.