ಹುಬ್ಬಳ್ಳಿಗೆ ಹೋಗೋಣ್ವಾ? ಎಕ್ಸೆಲ್ ಶೀಟಿನಲ್ಲಿ ಇಲ್ಲದ ಒಂದು ಸಾಲು

ಮೂರು ತಿಂಗಳಿಂದ ನಮ್ಮ ಮನೆಯಲ್ಲಿ ಒಂದು ಎಕ್ಸೆಲ್ ಶೀಟ್ ಓಡಾಡ್ತಾ ಇದೆ. ಫೈಲಿನ ಹೆಸರು 'ಹುಬ್ಬಳ್ಳಿ ಫೈನಲ್ 3'. ಎಡಗಡೆ ಲಾಭ, ಬಲಗಡೆ ನಷ್ಟ. ನನ್ನ ಟೀಮಿನಲ್ಲೇ ಇನ್ನೂ ನಾಲ್ಕು ಜನರ ಹತ್ತಿರ ಇಂಥ ಫೈಲ್ ಇದೆ. ಒಬ್ಬನದು ಮೈಸೂರು, ಇಬ್ಬರದು ಮಂಗಳೂರು, ಒಬ್ಬಳದು ಶಿವಮೊಗ್ಗ. ನಾಲ್ಕನ್ನೂ ಕೇಳಿ ಇಸ್ಕೊಂಡು ನೋಡಿದೆ. ಊರಿನ ಹೆಸರು ಬದಲಾಯಿಸಿದರೆ ಎಲ್ಲಾ ಒಂದೇ ಶೀಟು. ಲಾಭದ ಕಡೆ ಬಾಡಿಗೆ, ಟ್ರಾಫಿಕ್, ಗಾಳಿ, ಅಪ್ಪ-ಅಮ್ಮ. ನಷ್ಟದ ಕಡೆ ಆಸ್ಪತ್ರೆ, ಸ್ಕೂಲು, ಏರ್‌ಪೋರ್ಟು, ವೀಕೆಂಡು. ಕೊನೆಗೆ ಒಂದು ಟೋಟಲ್. ಟೋಟಲ್ ಯಾವಾಗಲೂ ಊರಿನ ಪರವಾಗಿಯೇ ಬರುತ್ತೆ. ಆದರೂ ಐದು ಜನರಲ್ಲಿ ಒಬ್ಬರೂ ಇನ್ನೂ ಹೋಗಿಲ್ಲ.

ಲೆಕ್ಕ ಸರಿ ಇದ್ದರೆ ಕಾಲು ಯಾಕೆ ಏಳ್ತಿಲ್ಲ? ಅಂದರೆ ಶೀಟಿನಲ್ಲೇ ಏನೋ ತಪ್ಪಿದೆ. ಇದು ಆ ಶೀಟಿನ ಮೇಲೊಂದು ವಿಮರ್ಶೆ ಅಂದುಕೊಳ್ಳಿ. ಬೇರೆಯವರದ್ದನ್ನು ಬೈಯೋದಕ್ಕಿಂತ ನನ್ನದನ್ನೇ ತೆಗೆದುಕೊಳ್ತೀನಿ.

ಮೊದಲು ಪರಿಸ್ಥಿತಿ. ನಮ್ಮದು ವೈಟ್‌ಫೀಲ್ಡ್ ಹೋಪ್ ಫಾರ್ಮ್ ಹತ್ತಿರ ಬಾಡಿಗೆ ಮನೆ. ಹೆಂಡತಿಗೆ ಐಟಿಪಿಎಲ್ ಕಡೆ ಚಿಪ್ ವೆರಿಫಿಕೇಷನ್ ಕೆಲಸ. ನನಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರು. ಅಪ್ಪ-ಅಮ್ಮ ಧಾರವಾಡದಲ್ಲಿ. ಅಪ್ಪನಿಗೆ ಎಪ್ಪತ್ತೆರಡು, ಮೊಣಕಾಲು ಕೈಕೊಟ್ಟಿದೆ. ನಮ್ಮ ಕಂಪನಿ ಹುಬ್ಬಳ್ಳಿಯಲ್ಲಿ ಸಣ್ಣ ಆಫೀಸ್ ತೆಗೆದಿದೆ, 'ಆಸಕ್ತಿ ಇದ್ದವರು ಹೆಸರು ಕೊಡಿ' ಅಂತ ಮೇಲ್ ಬಂತು. ಅಪ್ಪನಿಗೆ ಫೋನಿನಲ್ಲಿ ಹೇಳಿದ್ದೇ ತಪ್ಪಾಯ್ತು. "ಮ್ಯಾಲಿನ ಖೋಲಿ ಖಾಲಿನ ಐತಿ, ಬಣ್ಣ ಹಚ್ಚಸ್ಲೇನ?" ಅಂತ ಕೇಳಿಬಿಟ್ಟರು.

ಶೀಟಿನ ಮೊದಲ ಸಾಲು ಬಾಡಿಗೆ. ಇಲ್ಲಿ ತಿಂಗಳಿಗೆ 38 ಸಾವಿರ. ಅಷ್ಟೇ ದೊಡ್ಡ ಮನೆಗೆ ಹುಬ್ಬಳ್ಳಿಯಲ್ಲಿ ಗೆಳೆಯ ಹೇಳಿದ ರೇಟು 15 ಸಾವಿರ. ವರ್ಷಕ್ಕೆ 2 ಲಕ್ಷ 76 ಸಾವಿರ ಉಳಿತಾಯ. ಈ ಸೆಲ್ಲಿಗೆ ಹಸಿರು ಬಣ್ಣ ಹಚ್ಚಿ ಖುಷಿಯಾಗಿದ್ದೆ.

ಎರಡನೇ ಸಾಲು ಓಡಾಟ. ಇಲ್ಲಿ ಔಟರ್ ರಿಂಗ್ ರೋಡ್, ಸಿಲ್ಕ್ ಬೋರ್ಡ್, ಆಮೇಲೆ ಫ್ಲೈಓವರ್. ಮಳೆ ಬಂದರೆ ಎರಡು ಗಂಟೆ. ಅಲ್ಲಿ ಹುಬ್ಬಳ್ಳಿ-ಧಾರವಾಡದ ನಡುವೆ 'ಚಿಗರಿ' ಬಸ್ಸು ಓಡುತ್ತೆ. ಸುಮಾರು 22 ಕಿಲೋಮೀಟರ್, ಬಹುಪಾಲು ಬಸ್ಸಿಗೇ ಮೀಸಲಾದ ಲೇನು. ಬೆಂಗಳೂರು ಹತ್ತಾರು ವರ್ಷ ಚರ್ಚೆ ಮಾಡಿ ಸರಿಯಾಗಿ ಮಾಡಲಾಗದ್ದನ್ನು ಆ ಊರು 2018ರಿಂದ ಓಡಿಸ್ತಾ ಇದೆ. ಇದು ನಿಜವಾದ ಲಾಭ, ಇದನ್ನು ನಾನು ಅಳಿಸೋದಿಲ್ಲ.

ಆದರೆ ಹಳೇ ಶೀಟುಗಳಲ್ಲಿ ಬೆಂಗಳೂರು ನಿಂತಲ್ಲೇ ನಿಂತಿರುತ್ತೆ. ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೋ ಬಂದಿದ್ದು 2023ರ ಮಾರ್ಚ್‌ನಲ್ಲಿ. ಅದೇ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಪೂರ್ತಿ ಜೋಡಣೆಯಾಯ್ತು. ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾಗಿದ್ದು 2025ರ ಆಗಸ್ಟ್‌ನಲ್ಲಿ. ನನ್ನಂಥವರಿಗೆ ಮೆಜೆಸ್ಟಿಕ್ ಸುತ್ತಿಕೊಂಡು ಹೋಗೋದು ಉದ್ದದ ದಾರಿಯೇ. ಆದರೆ ಜಯನಗರದಲ್ಲಿ ಮನೆ ಮಾಡಿಕೊಂಡು ಎಲೆಕ್ಟ್ರಾನಿಕ್ ಸಿಟಿಗೆ ಹೋಗೋ ಸಹೋದ್ಯೋಗಿಯ ಶೀಟು ಒಂದೇ ದಿನದಲ್ಲಿ ಹಳತಾಯ್ತು. ಟ್ರಾಫಿಕ್ ಒಂದೇ ಕಾರಣಕ್ಕೆ ಊರು ಬಿಡೋರು ಇದನ್ನು ಒಮ್ಮೆ ಯೋಚಿಸಬೇಕು.

ಮೂರನೇ ಸಾಲು ನೀರು. 2024ರ ಬೇಸಿಗೆಯಲ್ಲಿ ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಕ್ಯೂ ನಿಂತಿದ್ದು ನಿಮಗೂ ನೆನಪಿರುತ್ತೆ. ಅದೇ ಸಿಟ್ಟಿನಲ್ಲಿ 'ಹುಬ್ಬಳ್ಳಿ: ನೀರು, ಲಾಭ' ಅಂತ ಬರೆದೆ. ಅಮ್ಮ ಫೋನಿನಲ್ಲಿ ಬಿದ್ದು ಬಿದ್ದು ನಕ್ಕಳು. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 24 ಗಂಟೆ ನೀರಿನ ಪ್ರಯೋಗ 2008ರ ಹೊತ್ತಿಗೇ ಗೆದ್ದಿತ್ತು. ಉಳಿದ ಕಡೆ ಇವತ್ತಿಗೂ ನಳದ ನೀರು ಯಾವ ದಿನ ಬರುತ್ತೆ ಅನ್ನೋದರ ಮೇಲೆ ಮನೆಯ ಟೈಮ್‌ಟೇಬಲ್ಲು ನಡೆಯುತ್ತೆ. "ನಿನ್ನ ಮದ್ವಿ ದಿನಾನೂ ನೀರ ಬಿಡೋ ದಿನ ನೋಡೇ ಇಟ್ಟಿದ್ವಿ" ಅಂದಳು. ನಾನು ಹುಟ್ಟಿದ ಊರಿನ ನೀರಿನ ಕಥೆ ನನಗೇ ಮರೆತುಹೋಗಿತ್ತು. ಇದು ನನ್ನ ಶೀಟಿನ ದೊಡ್ಡ ರೋಗ: ನಷ್ಟದ ಕಡೆ ಬೆಂಗಳೂರಿನ ಇವತ್ತು, ಲಾಭದ ಕಡೆ ಧಾರವಾಡದ ಬೇಸಿಗೆ ರಜೆ.

ಇಷ್ಟೆಲ್ಲಾ ತಿದ್ದಿದರೂ ಟೋಟಲ್ ಹುಬ್ಬಳ್ಳಿ ಕಡೆಗೇ ಇತ್ತು. ಒಂದು ರಾತ್ರಿ ಹೆಂಡತಿ ಫೈಲ್ ತೆರೆದು ಮೇಲಿಂದ ಕೆಳಗೆ ಓದಿದಳು. ಜಗಳ ಮಾಡಲಿಲ್ಲ. "ನನ್ನ ಕೆಲಸ ಯಾವ ಸಾಲಿನಲ್ಲಿದೆ?" ಅಂತ ಕೇಳಿದಳು.

ಇರಲಿಲ್ಲ. ಮೂವತ್ತೊಂದು ಸಾಲು ಬರೆದಿದ್ದೆ. ಬದನೆಕಾಯಿ ರೇಟು ಇತ್ತು, ಅವಳ ಕೆಲಸ ಇರಲಿಲ್ಲ. 'ರಿಮೋಟ್ ಮಾಡಬಹುದು' ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡುಬಿಟ್ಟಿದ್ದೆ. ವಾರಕ್ಕೆ ಮೂರು ದಿನ ಅವಳ ಆಫೀಸು ಲ್ಯಾಬಿಗೆ ಬಾ ಅನ್ನುತ್ತೆ ಅನ್ನೋದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆಮೇಲೆ ಉಳಿದ ನಾಲ್ಕು ಶೀಟುಗಳನ್ನೂ ಮತ್ತೆ ನೋಡಿದೆ. ಗಂಡಸರ ಮೂರರಲ್ಲೂ ಇದೇ ಕಥೆ. ಶಿವಮೊಗ್ಗದ ಹುಡುಗಿಯ ಶೀಟಿನಲ್ಲಿ ಮಾತ್ರ 'ಅವನಿಗೆ ಅಲ್ಲಿ ಏನು ಸಿಗುತ್ತೆ?' ಅನ್ನೋದೇ ಮೊದಲ ಸಾಲು.

ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋದಾಗ ಗೊತ್ತಾಗಿದ್ದು, ನನ್ನ ಕೆಲಸವೂ ಆ ಶೀಟಿನಲ್ಲಿ ಪೂರ್ತಿ ಇರಲಿಲ್ಲ. ಈಗಿನ ಕೆಲಸ ಇತ್ತು. ಮುಂದಿನದು ಇರಲಿಲ್ಲ.

ಬೆಂಗಳೂರಿನ ಹೊರವಲಯ ನಮಗೆ ಕೊಡೋದು ಒಂದು ಕೆಲಸವನ್ನಲ್ಲ, ಪಕ್ಕದಲ್ಲೇ ಇರೋ ಎರಡನೇ ಕೆಲಸವನ್ನ. ಇದನ್ನು ನಮಗಿಂತ ಚೆನ್ನಾಗಿ ಬಲ್ಲವರು ಪೀಣ್ಯದ ಟರ್ನರ್, ಫಿಟ್ಟರ್‌ಗಳು. ಒಂದು ಶೆಡ್ಡಿನ ಮಾಲೀಕನ ಜೊತೆ ಜಗಳವಾದರೆ ಅದೇ ಕ್ರಾಸಿನಲ್ಲಿ ನಾಲ್ಕು ಶೆಡ್ಡು ಮುಂದೆ ನಡೆದು ಹೋಗಿ ಕೇಳಬಹುದು. ಸಣ್ಣ ಸಣ್ಣ ಕಾರ್ಖಾನೆಗಳು ಸಾವಿರಾರು ಒತ್ತೊತ್ತಾಗಿ ಇರೋದೇ ಅವರ ಇನ್ಶೂರೆನ್ಸು. ಐಟಿಪಿಎಲ್‌ನಲ್ಲಿ ನಾವು ಲಿಂಕ್ಡ್‌ಇನ್‌ನಲ್ಲಿ ಮಾಡೋದೂ ಅದನ್ನೇ. ವರ್ಷಕ್ಕೊಮ್ಮೆ ಅಪ್ರೈಸಲ್ ರೂಮಿನಲ್ಲಿ ಮ್ಯಾನೇಜರ್ ಸ್ವಲ್ಪ ಮರ್ಯಾದೆಯಿಂದ ಮಾತಾಡ್ತಾನೆ ಅಂದರೆ ಅದಕ್ಕೆ ರಸ್ತೆಯಾಚೆಗಿನ ಇನ್ನೊಂದು ಗಾಜಿನ ಕಟ್ಟಡವೂ ಕಾರಣ.

ಈಗ ಹಸಿರು ಸೆಲ್ಲಿಗೆ ವಾಪಸ್ ಬನ್ನಿ. ಬಾಡಿಗೆಯಲ್ಲಿ ವರ್ಷಕ್ಕೆ 2.76 ಲಕ್ಷ ಉಳಿಯುತ್ತೆ. 24 ಲಕ್ಷ ಸಂಬಳದವನು ಕಂಪನಿ ಬದಲಾಯಿಸಿ ಶೇ. 30 ಹೆಚ್ಚು ಪಡೆದರೆ ವರ್ಷಕ್ಕೆ 7.2 ಲಕ್ಷ, ಟ್ಯಾಕ್ಸ್ ಕಳೆಯೋ ಮುಂಚೆ. ಒಂದೇ ಕಂಪನಿ ಇರೋ ಊರಿನಲ್ಲಿ ಆ ಬದಲಾವಣೆಯೇ ಇಲ್ಲ. ಬಾಡಿಗೆಯ ಉಳಿತಾಯ ಕಣ್ಣಿಗೆ ಕಾಣುತ್ತೆ, ಬಾರದ ಹೈಕು ಕಾಣಲ್ಲ. ಲೇಆಫ್ ಬಂದರಂತೂ ಲೆಕ್ಕವೇ ಬೇಡ, ಮಗುವಿನ ಸ್ಕೂಲು ಬಿಡಿಸಿಕೊಂಡು ಮತ್ತೆ ಇಲ್ಲಿಗೇ ಬರಬೇಕು.

ಕಂಪನಿಗಳಿಗೂ ಇದು ಗೊತ್ತಿದೆ. ಇನ್ಫೋಸಿಸ್‌ನ ಹುಬ್ಬಳ್ಳಿ ಕ್ಯಾಂಪಸ್ ಕಟ್ಟಿ ಮುಗಿದ ಮೇಲೂ ವರ್ಷಗಟ್ಟಲೆ ಸುಮ್ಮನೆ ನಿಂತಿತ್ತು. ಊರಿನವರು ಅಭಿಯಾನ ಮಾಡಿದರು, 2022ರಲ್ಲಿ ಕೆಲಸ ಶುರುವಾಯ್ತು. ಆಮೇಲೆ 2024ರಲ್ಲಿ ಅಲ್ಲಿಗೆ ಹೋಗೋ ಉದ್ಯೋಗಿಗಳಿಗೆ ಹುದ್ದೆಗೆ ತಕ್ಕಂತೆ 8 ಲಕ್ಷದವರೆಗೆ ಪ್ರೋತ್ಸಾಹಧನ ಅಂತ ಪ್ರಕಟವಾಯ್ತು. ಕೆಳಗಿನ ಹಂತದವರಿಗೆ ಎರಡು ವರ್ಷದಲ್ಲಿ ಒಟ್ಟು 1.25 ಲಕ್ಷ. ಬಾಡಿಗೆ ಕಡಿಮೆ, ಟ್ರಾಫಿಕ್ ಇಲ್ಲ, ಮನೆ ಊಟ ಅನ್ನೋದೆಲ್ಲಾ ಸಾಕಾಗಿದ್ದರೆ ಮೇಲಿಂದ ದುಡ್ಡು ಯಾಕೆ ಕೊಡಬೇಕಿತ್ತು? ಆ ದುಡ್ಡು ಮನೆ ಸಾಮಾನು ಸಾಗಿಸೋ ಖರ್ಚು ಅಂತ ನನಗೆ ಅನ್ನಿಸಲ್ಲ. ಅದು ಎರಡನೇ ಕೆಲಸವನ್ನು ಬಿಟ್ಟುಕೊಡೋದಕ್ಕೆ ಕಟ್ಟಿದ ಬೆಲೆ. ಕಂಪನಿ ಅದಕ್ಕೆ ಬೆಲೆ ಕಟ್ಟಿದೆ, ನಮ್ಮ ಶೀಟು ಕಟ್ಟಿಲ್ಲ.

ಸರ್ಕಾರದ ಯೋಜನೆಯ ಹೆಸರು 'ಬಿಯಾಂಡ್ ಬೆಂಗಳೂರು'. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಅಂತ ಕ್ಲಸ್ಟರುಗಳಿವೆ. ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ. ಹೆಸರಲ್ಲೇ ಒಂದು ಸಮಸ್ಯೆ ಇದೆ: ಅದು ಹೇಳೋದು ಎಲ್ಲಿಂದ ಆಚೆ ಅಂತ, ಎಲ್ಲಿಗೆ ಅಂತ ಅಲ್ಲ. ಒಂದು ದೊಡ್ಡ ಕಂಪನಿ ಬಂದು ರಿಬ್ಬನ್ ಕತ್ತರಿಸಿದರೆ ಊರು ಬದಲಾಗಲ್ಲ. ಒಂದೇ ಕೆಲಸಕ್ಕೆ ಐದು ಸಣ್ಣ ಕಂಪನಿಗಳು ಒಂದೇ ಊರಿನಲ್ಲಿ ಕಿತ್ತಾಡಬೇಕು, ಆಗ ಬದಲಾಗುತ್ತೆ. ನೂರು ಎಕರೆ ಒಬ್ಬರಿಗೆ ಕೊಡೋದಕ್ಕಿಂತ ಅದೇ ಜಾಗದಲ್ಲಿ ಪೀಣ್ಯದ ಥರ ಇನ್ನೂರು ಬಾಗಿಲು ಇಟ್ಟರೆ ಹೋಗೋರಿಗೆ ಧೈರ್ಯ ಬರುತ್ತೆ.

ಇದಕ್ಕೆ ಒಂದು ಗಟ್ಟಿ ಉತ್ತರವಿದೆ, ಅದನ್ನು ಮುಚ್ಚಿಡೋದು ಸರಿಯಲ್ಲ. ಎಲ್ಲರೂ 'ಎರಡನೇ ಕೆಲಸ ಬರಲಿ, ಆಮೇಲೆ ಹೋಗ್ತೀವಿ' ಅಂತ ಕೂತರೆ ಎರಡನೇ ಕಂಪನಿ ಬರೋದೇ ಇಲ್ಲ. 1970ರ ದಶಕದ ಕೊನೆಯಲ್ಲಿ ಆರ್.ಕೆ. ಬಾಳಿಗಾ ನೇತೃತ್ವದಲ್ಲಿ ಕಿಯೋನಿಕ್ಸ್ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಮಾಡಿದಾಗ ಅದು ಕೂಡ ಊರಾಚೆಯೇ. ಆಗ ಅಲ್ಲಿಗೆ ಮೊದಲು ಹೋದ ಎಂಜಿನಿಯರಿಗೆ ಯಾವ ಎರಡನೇ ಕೆಲಸ ಇತ್ತು? ಉಡುಪಿಯಲ್ಲಿ 1996ರಲ್ಲಿ ಶುರುವಾದ ರೋಬೋಸಾಫ್ಟ್ ಕೂಡ ಬೇರೆಯವರು ಬರಲಿ ಅಂತ ಕಾಯಲಿಲ್ಲ. ಯಾರೋ ಮೊದಲು ಹೋಗಲೇಬೇಕು, ನಿಜ.

ಆದರೆ ಮೊದಲು ಹೋಗೋರ ಮೇಲೇ ಪೂರ್ತಿ ಅಪಾಯ ಹಾಕೋದು ಯಾವ ನ್ಯಾಯ? ಕಂಪನಿ ಹುಬ್ಬಳ್ಳಿಯಲ್ಲಿ ನೆಲ, ಬಾಡಿಗೆ, ಸಂಬಳ ಎಲ್ಲಾ ಉಳಿಸಿಕೊಳ್ಳುತ್ತೆ. ಆಫೀಸು ಮುಚ್ಚಿದರೆ ಕಂಪನಿ ಬೀಗ ಹಾಕಿ ಹೋಗುತ್ತೆ, ನಾನು ಮ್ಯಾಲಿನ ಖೋಲಿಯಲ್ಲಿ ಕೂತಿರ್ತೀನಿ. ಹಾಗಾಗಿ ನಾನು ಶೀಟನ್ನು ಬದಿಗಿಟ್ಟು ಎಚ್‌ಆರ್‌ಗೆ ಮೂರು ಪ್ರಶ್ನೆ ಬರೆದು ಕಳಿಸಿದೆ. ಎರಡು ವರ್ಷದ ನಂತರ ಇದೇ ಹುದ್ದೆಗೆ ಬೆಂಗಳೂರಿಗೆ ವಾಪಸ್ ಬರಬಹುದು ಅಂತ ಬರವಣಿಗೆಯಲ್ಲಿ ಕೊಡ್ತೀರಾ? ಹೈಕಿನ ಲೆಕ್ಕ ಊರಿನ ಮೇಲೋ, ಕೆಲಸದ ಮೇಲೋ? ಆಫೀಸ್ ಮುಚ್ಚಿದರೆ ಎಷ್ಟು ತಿಂಗಳ ಮುಂಚೆ ಹೇಳ್ತೀರಿ? ನಿಮ್ಮ ಹತ್ತಿರವೂ ಇಂಥ ಫೈಲ್ ಇದ್ದರೆ ಈ ಮೂರನ್ನು ಕೇಳಿ, ಜೊತೆಗೆ ಮನೆಯಲ್ಲಿ ಇನ್ನೊಬ್ಬರಿಗೆ ಅದೇ ಫೈಲನ್ನು ಮೊದಲಿಂದ ಬರೆಯೋಕೆ ಕೊಡಿ. ಅವರು ಯಾವ ಸಾಲಿನಿಂದ ಶುರು ಮಾಡ್ತಾರೆ ನೋಡಿ.

ಹೆಂಡತಿ ನನ್ನದನ್ನು ಮತ್ತೆ ಬರೆದಿದ್ದಾಳೆ. ಅವಳ ಶೀಟಿನಲ್ಲಿ ಒಂಬತ್ತೇ ಸಾಲು. ಬದನೆಕಾಯಿ ಇಲ್ಲ. ಅಪ್ಪನ ಮೊಣಕಾಲು ಎರಡನೇ ಸಾಲಿನಲ್ಲಿದೆ, ಅದನ್ನು ನಾನು ಹದಿನೇಳನೇ ಸಾಲಿಗೆ ಇಟ್ಟಿದ್ದೆ. ಅದರ ಎದುರು ಅವಳು ಬರೆದಿದ್ದು: 'ಆಪರೇಷನ್ ಇಲ್ಲೇ ಮಾಡಿಸೋಣ, ಮೂರು ತಿಂಗಳು ಇಲ್ಲಿರಲಿ. ಮುಂದಿನದು ಆಮೇಲೆ.'

ಈ ಶನಿವಾರ ಬೆಳಗಿನ ವಂದೇ ಭಾರತ್‌ಗೆ ಟಿಕೆಟ್ ಮಾಡಿಸಿದ್ದೀವಿ, ಮಧ್ಯಾಹ್ನದ ಊಟಕ್ಕೆ ಧಾರವಾಡದಲ್ಲಿರ್ತೀವಿ. ಅಪ್ಪನಿಗೆ ಎದುರು ಕೂತೇ ಹೇಳಬೇಕು. ಖೋಲಿಗೆ ಬಣ್ಣ ಹಚ್ಚಿಸಿ ಆಗಿದೆಯಂತೆ. ಎಚ್‌ಆರ್‌ನಿಂದ ಇನ್ನೂ ಉತ್ತರ ಬಂದಿಲ್ಲ.